ಮೃತ್ಯುಂಜಯನ ಕಾಳುಬೆಣ್ಣೆ

ಗುಂಡ್ಲುಪೇಟೆ ಸುತ್ತಮುತ್ತ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋದರೆ ರೈತರು ಮೊದಲು ನೆನೆಯುವುದು ಮೃತ್ಯುಂಜಯನನ್ನು, ಆಮೇಲೆ ಮನೆದೇವರನ್ನು. ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿಯ ನಡುವೆ ಕೂತು ಊರ ಹೊಲಕ್ಕೆಲ್ಲ ನೀರು ಹರಿಸುವ ಈ ಮಹಾಶಯ, ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಿಟ್ಟವನಲ್ಲ. ಹೆಂಡತಿ ರೂಪಶ್ರೀ ಅದಕ್ಕೆ ಎಂದೋ ಒಗ್ಗಿಹೋಗಿದ್ದಳು. ಒಗ್ಗದೆ ಉಳಿದದ್ದು, ಕೂತಲ್ಲಿಂದಲೇ ಅವನು ಅಡುಗೆಯ ಮೇಲೆ ಹೊರಡಿಸುತ್ತಿದ್ದ ತೀರ್ಪುಗಳು.

ಈ ಚಳಿಗಾಲದ ತೀರ್ಪಿಗೆ ಮೂಲ ಅದೇ ತಾಲ್ಲೂಕಿನ ಮದ್ದೂರಿನ ಕಡೆ. ಅಲ್ಲಿ ಕಾಡಂಚಿನ ರೆಸಾರ್ಟೊಂದರಲ್ಲಿ ಈಜುಕೊಳದ ಮೋಟಾರು ಕೆಟ್ಟಿತ್ತು. ಸರಿಮಾಡಿಕೊಟ್ಟ ಖುಷಿಗೆ ಮ್ಯಾನೇಜರು ಇವನನ್ನು ಗೆಸ್ಟುಗಳ ಜೊತೆಗೇ ಊಟಕ್ಕೆ ಕೂರಿಸಿದ. ತಟ್ಟೆಯಲ್ಲಿ ಬೆಳ್ಳಗೆ, ನುಣ್ಣಗೆ, ನಡುವೆ ಗುಳಿ ಮಾಡಿ ಎಣ್ಣೆ ನಿಲ್ಲಿಸಿದ ಪದಾರ್ಥವೊಂದಿತ್ತು. ರೊಟ್ಟಿಯ ಚೂರಿನಲ್ಲಿ ಬಳಿದು ಬಾಯಿಗಿಟ್ಟ ಮೃತ್ಯುಂಜಯ, ಮತ್ತೆ ಬಳಿದ, ಕೊನೆಗೆ ತಟ್ಟೆಯಲ್ಲಿ ಬಳಿಯಲು ಏನೂ ಉಳಿಯದಿದ್ದಾಗ ಅಡುಗೆಯವನನ್ನೇ ಕರೆಸಿದ.

"ಏನಪ್ಪ ಇದು?"

"ಹಮ್ಮಸ್ ಅಂತ ಸಾರ್. ಕಡಲೆಕಾಳು ಬೇಯಿಸಿ, ಎಳ್ಳು, ಬೆಳ್ಳುಳ್ಳಿ, ನಿಂಬೆಹಣ್ಣು ಹಾಕಿ ರುಬ್ಬೋದು. ಅಷ್ಟೇ."

ಆ 'ಅಷ್ಟೇ' ಎಂಬ ಮಾತೇ ಅವನನ್ನು ಕೆಡಿಸಿತು.

ರಾತ್ರಿ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಮೃತ್ಯುಂಜಯ ಸಾರಿನೊಳಗೆ ಬೆರಳಾಡಿಸಿ ಮುಖ ಸಿಂಡರಿಸಿದ.

"ಇದೇನು ಕಣೆ, ಕಾಳು ಕಾಳಾಗೇ ಅದೆ?"

"ಕಾಳು ಇನ್ನೇನಾಗಿರ್ಬೇಕಿತ್ತು? ತಾಸೀಲ್ದಾರ್ ಆಗಿರ್ಬೇಕಿತ್ತಾ?"

"ತಿಳಿದೋರು ಕಾಳನ್ನ ಬೆಣ್ಣೆ ಮಾಡ್ತಾರೆ. ಅದಕ್ಕೆ ಡಿಪ್ಪು ಅಂತಾರೆ. ಅದ್ದಿಕೊಂಡು ತಿನ್ನೋದು."

"ನೀವು ಬುದ್ಧಿ ಬಂದಾಗಿಂದ ಮುದ್ದೆನ ಸಾರಿಗೆ ಅದ್ದಿಕೊಂಡೇ ತಿಂತಾ ಇರೋದು. ಇವತ್ತು ಕಂಡುಹಿಡಿದೋರಂಗೆ ಆಡ್ಬೇಡಿ."

ಇವರ ಮಾತಿನ ನಡುವೆ ಮೃತ್ಯುಂಜಯನ ತಾಯಿ ಗುರುಮಲ್ಲಮ್ಮ ತನ್ನ ಪಾಡಿಗೆ ತಾನು ಕಾಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗೆ ಸರಿಸುತ್ತಿದ್ದಳು. ಅವಳಿಗೆ ಹಲ್ಲಿನ ಸೆಟ್ಟು ಕಟ್ಟಿಸಿಕೊಟ್ಟಿದ್ದರು. ಅವರೆಯ ಸಿಪ್ಪೆ ಸೆಟ್ಟಿಗೂ ವಸಡಿಗೂ ಮಧ್ಯೆ ಹೋಗಿ ಕೂತರೆ ಪ್ರಾಣ ಹಿಂಡುತ್ತಿತ್ತು. ಹಾಗಾಗಿ ಸೆಟ್ಟು ಲೋಟದ ನೀರಿನಲ್ಲಿ ವಿಶ್ರಾಂತಿ ಪಡೆಯುತ್ತಿತ್ತು, ಗುರುಮಲ್ಲಮ್ಮ ಬರೀ ಸಾರಿನ ತಿಳಿಯಲ್ಲಿ ಮುದ್ದೆ ನುಂಗುತ್ತಿದ್ದಳು.

"ಭಾನುವಾರ ನಾನೇ ಮಾಡಿ ತೋರಿಸ್ತೀನಿ," ಎಂದು ಮೃತ್ಯುಂಜಯ ಘೋಷಿಸಿದ.

"ಮಾಡಿ. ಬ್ಯಾಡ ಅಂದೋರು ಯಾರು?" ಎಂದಳು ರೂಪಶ್ರೀ. ಆ ದನಿಯಲ್ಲಿದ್ದ ಮೃದುತ್ವವನ್ನು ಕಂಡು ಅವನು ಎಚ್ಚೆತ್ತುಕೊಳ್ಳಬೇಕಿತ್ತು.

ಭಾನುವಾರ ಬೆಳಗ್ಗೆ ಅವಳು ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಳು. ಇಂಥ ದೃಶ್ಯವನ್ನು ಒಬ್ಬಳೇ ನೋಡುವುದು ಪಾಪವೆನ್ನಿಸಿ ಪಕ್ಕದ ಮನೆಯ ಹಮೀದಾಳನ್ನೂ ಕರೆದಳು. ಹಮೀದಾ ಗಂಡನ ಜೊತೆ ಕೆಲವು ವರ್ಷ ಸೌದಿಯಲ್ಲಿದ್ದು ಬಂದವಳು.

"ಅಲ್ಲಿ ನಾವು ದಿನಾ ತಿಂತಿದ್ವಿ ಅಣ್ಣ," ಎಂದಳು ಹಮೀದಾ, ಚಹಾ ಲೋಟ ಹಿಡಿದು. "ನುಣ್ಣಗಾಗ್ಬೇಕಂದ್ರೆ ಸಿಪ್ಪೆ ತೆಗೀಬೇಕು. ಒಂದೂ ಬಿಡಂಗಿಲ್ಲ."

ಕಡಲೆ ಅವರಿವರದು, ಅವರೆ ನಮ್ಮ ನೆಲದ್ದು, ಆದ್ದರಿಂದ ತಾನು ಅವರೆಯಲ್ಲೇ ಮಾಡುವೆನೆಂದು ಮೃತ್ಯುಂಜಯ ಸಣ್ಣ ಭಾಷಣ ಮಾಡಿದ. (ಅಂಗಡಿಗೆ ಹೋಗಿ ಕಾಬೂಲಿ ಕಡಲೆ ತರಲು ಸೋಮಾರಿತನವಾಗಿ, ಮನೆಯಲ್ಲಿ ನೆನೆಹಾಕಿದ ಅವರೆಕಾಳು ಕಣ್ಣಿಗೆ ಬಿದ್ದಿತ್ತು, ಅಷ್ಟೆ.) ನಂತರ ಹಿತುಕಲು ಕೂತ. ರೂಪಶ್ರೀ ಟೀವಿ ನೋಡುತ್ತ, ತಿರುಗಿಯೂ ನೋಡದೆ ಮಾಡುವ ಕೆಲಸ ಅದು. ಇವನು ಹಿತುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಕಾಳು ದೇಶಾಂತರ ಹೋಗುತ್ತಿತ್ತು. ಒಂದು ಫ್ರಿಜ್ಜಿನ ಹಿಂದಕ್ಕೆ, ಒಂದು ದೇವರ ಫೋಟೋಗೆ, ಒಂದು ನೇರವಾಗಿ ಹಮೀದಾಳ ಚಹಾಕ್ಕೆ.

"ಪರವಾಗಿಲ್ಲ ಅಣ್ಣ," ಎಂದು ಅವಳು ಚಮಚದಲ್ಲಿ ತೆಗೆದು ವಾಪಸು ಕೊಟ್ಟಳು.

ಬೇಯಿಸಿದ ಕಾಳನ್ನು ಬಿಸಿಬಿಸಿಯಾಗಿಯೇ ಮಿಕ್ಸಿಗೆ ಕಂಠಮಟ್ಟ ತುಂಬಿದ. ಸಂಕ್ರಾಂತಿಗೆಂದು ರೂಪಶ್ರೀ ತೊಳೆದು ಒಣಗಿಸಿಟ್ಟಿದ್ದ ಬಿಳಿ ಎಳ್ಳನ್ನೆಲ್ಲ ಹುರಿದು ಮೇಲೆ ಸುರಿದ. ನೀರು ಹಾಕಲಿಲ್ಲ. ನೀರು ಹಾಕಿದರೆ ಬೆಣ್ಣೆ ಹೇಗಾಗುತ್ತದೆ? ಸ್ವಿಚ್ ಒತ್ತಿದ ಕೂಡಲೇ ಮುಚ್ಚಳ ಹಾರಿತು, ಅರ್ಧ ಅವರೆ ಸೂರಿಗೆ ಗಾರೆ ಮೆತ್ತಿದಂತೆ ಮೆತ್ತಿಕೊಂಡಿತು. ಅವನು ಎದೆಗುಂದದೆ ಮುಚ್ಚಳವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ರೂಪಶ್ರೀಯಿಂದ ಮತ್ತೆ ಸ್ವಿಚ್ ಒತ್ತಿಸಿದ. ಮಿಕ್ಸಿ ಗೊರಗೊರ ಎಂದು, ಆಮೇಲೆ ನರಳಿ, ಆಮೇಲೆ ಸುಮ್ಮನಾಯಿತು. ಸುಟ್ಟ ವಾರ್ನಿಷ್ ವಾಸನೆ ಹಬ್ಬಿತು. ಆ ವಾಸನೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ತಾಲ್ಲೂಕಿನಲ್ಲಿ ಯಾರಿದ್ದರು?

"ಮೋಟಾರು ಸುಟ್ಟೋಯ್ತಾ?" ರೂಪಶ್ರೀ ಕುಶಲ ವಿಚಾರಿಸುವಂತೆ ಕೇಳಿದಳು.

"ಓವರ್‌ಲೋಡು."

"ಅಂಗಡಿಗೆ ಹಿಂಗೆ ಸುಟ್ಟು ತಂದೋರಿಗೆ ಏನಂತೀರಿ ನೀವು?"

"ಉಪಯೋಗಿಸೋಕೆ ಬರದೋರು ಮುಟ್ಟಬಾರದು ಅಂತೀನಿ," ಎಂದವನೇ ತಾನೇನು ಹೇಳಿದೆನೆಂದು ತಿಳಿದು ಬಾಯಿ ಮುಚ್ಚಿದ.

ಹಿತ್ತಲಲ್ಲಿ ರುಬ್ಬುವ ಕಲ್ಲಿತ್ತು. ಹಮೀದಾಳ ಮುಂದೆ ಸೋಲೊಪ್ಪುವ ಬದಲು ಮೃತ್ಯುಂಜಯ ಅಲ್ಲಿಗೆ ಹೋಗಿ ಪಂಚೆ ಎತ್ತಿ ಕಟ್ಟಿ ಕೂತ. ಗುಂಡು ತಿರುಗಿಸುತ್ತಿದ್ದಂತೆ ಅವನ ಸೊಂಟ, ಭುಜ, ಕುತ್ತಿಗೆ ಒಂದೊಂದಾಗಿ ದೂರು ಕೊಡತೊಡಗಿದವು. ಕುರ್ಚಿಯೂ ಹಿತ್ತಲಿಗೆ ಬಂದಿತ್ತು.

"ಇನ್ನೂ ತರಿತರಿ ಅದೆ," ಎಂದಳು ರೂಪಶ್ರೀ. ಸ್ವಲ್ಪ ಹೊತ್ತು ಬಿಟ್ಟು, "ಬೆಣ್ಣೆ ಅಂದಿದ್ರಿ. ರವೆ ಕಾಣ್ತಾ ಅದೆ."

ಬಿಸಿಲು ಹಿತ್ತಲು ದಾಟುವ ಹೊತ್ತಿಗೆ ಕಲ್ಲಿನಲ್ಲಿ ನಿಜವಾಗಿಯೂ ಬೆಣ್ಣೆ ಬಂದಿತ್ತು. ಅವನು ಅದನ್ನು ತಟ್ಟೆಗೆ ಹರವಿ, ಗುಳಿ ತೋಡಿ ಕಡಲೆಕಾಯಿ ಎಣ್ಣೆ ನಿಲ್ಲಿಸಿ, ಮೇಲೆ ಅಚ್ಚಖಾರದ ಪುಡಿ ಉದುರಿಸಿದ. ಹಮೀದಾ ತಿಂದು, "ಸೌದಿದೇ," ಎಂದಳು. ರೂಪಶ್ರೀ ಎರಡನೇ ಸಲ ಬೆರಳು ಅದ್ದಿದಳು. ಗುರುಮಲ್ಲಮ್ಮ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣುಮುಚ್ಚಿದಳು.

"ಇದು ಅವರೆನಾ ಮಗಾ?"

"ಹೂಂ ಕಣವ್ವ."

"ಎಷ್ಟು ಚಳಿಗಾಲ ಆಗಿತ್ತಪ್ಪ, ನಾನು ಅವರೆ ರುಚಿ ಕಂಡು," ಎಂದು ತಾಯಿ ತಟ್ಟೆಯನ್ನೇ ಮಡಿಲಿಗೆ ಎಳೆದುಕೊಂಡಳು. ಮೃತ್ಯುಂಜಯನಿಗೆ ಸೊಂಟನೋವು ಕೂಡ ಆ ಗಳಿಗೆಯಲ್ಲಿ ಸನ್ಮಾನದ ಶಾಲಿನಂತೆ ಹಿತವೆನ್ನಿಸಿತು.

ಮಾರನೇ ದಿನ ನಸುಕಿಗೇ ಯಾರೋ ಅವನ ಹೊದಿಕೆ ಎಳೆದರು.

"ಏಳು ಮಗಾ, ಕಾಳು ನೆಂದದೆ. ಹಿತುಕೋಗು."

"ರೂಪಾ ಮಾಡ್ತಾಳೆ ಬುಡವ್ವ."

"ಅವಳ ಕೈಲಿ ಈ ರುಚಿ ಬರಕ್ಕಿಲ್ಲ ಕಣಪ್ಪ."

ಮದುವೆಯಾದಾಗಿನಿಂದ ಈ ಮಾತು ಕೇಳಿದಾಗಲೆಲ್ಲ ಪಾತ್ರೆ ಕುಕ್ಕುತ್ತಿದ್ದ ರೂಪಶ್ರೀ, ಅಂದು ಹೊದಿಕೆಯೊಳಗಿಂದಲೇ ವಿನಯದಿಂದ ಒಪ್ಪಿದಳು. "ದಿಟ ಅತ್ತೆ. ನನ್ನ ಕೈಲಿ ಎಲ್ಲಾದದು?"

ಅಂದೇ ಅವನು ಅಂಗಡಿಯ ಕೆಲಸವನ್ನೆಲ್ಲ ಬದಿಗಿಟ್ಟು ಮಿಕ್ಸಿ ರಿಪೇರಿ ಮಾಡಿದ. ಮಿಕ್ಸಿಯಲ್ಲಿ ರುಬ್ಬಿದ್ದಕ್ಕೆ ತಂತಿಯ ವಾಸನೆಯೆಂದು ತಾಯಿ ಮುಟ್ಟಲಿಲ್ಲ. ವಾರ ಕಳೆಯುವಷ್ಟರಲ್ಲಿ ಬೀದಿಯ ಸುಂದ್ರಮ್ಮ, ದೊಡ್ಡಮಲ್ಲಮ್ಮ ಮೊದಲಾದ ದಂತವಿಮುಕ್ತರೆಲ್ಲ ಬಟ್ಟಲು ಹಿಡಿದು ಜಗಲಿಗೆ ಬಂದರು. ಅಂಗಡಿಯಲ್ಲಿ ರೈತರು ಅವನ ಕೈ ಮೂಸಿ, "ಸೊಗಡು ಚೆಂದಾಗದೆ ಸೋಮಿ, ಯಾವೂರ ಅವರೆ?" ಎಂದು ಕೇಳತೊಡಗಿದರು.

ಕೊನೆಗೆ ಮೃತ್ಯುಂಜಯ ಮನಸ್ಸು ಕಲ್ಲು ಮಾಡಿಕೊಂಡ. ಒಂದು ಬೆಳಗ್ಗೆ ಸಿಪ್ಪೆಯನ್ನು ಬೇಕೆಂದೇ ಉಳಿಸಿ, ಒರಟೊರಟಾಗಿ ರುಬ್ಬಿ, ಉಪ್ಪನ್ನು ಬೊಗಸೆಯಲ್ಲಿ ಹಾಕಿ ತಾಯಿಯ ಮುಂದಿಟ್ಟ. ಗುರುಮಲ್ಲಮ್ಮ ಬಾಯಿಗಿಟ್ಟು ಉಗಿದು, ತಟ್ಟೆ ದೂರ ತಳ್ಳಿದಳು. ಅವನ ಎದೆಯಲ್ಲಿ ಬಿಡುಗಡೆಯ ಗಾಳಿ ಬೀಸಿತು.

"ಹೋಗ್ಲಿ ಬುಡವ್ವ, ನನ್ನ ಕೈಲಾಗಲ್ಲ," ಎಂದ ದುಃಖದಿಂದ.

ಗುರುಮಲ್ಲಮ್ಮನಿಗೆ ಕರುಳು ಚುರ್ರೆಂದಿತು. ಮಗನ ತಲೆ ಸವರಿ ಸೊಸೆಯನ್ನು ಕೂಗಿದಳು.

"ಇವನಿಗಿನ್ನೂ ಕೈ ಪಳಗಿಲ್ಲ ಕಣಮ್ಮಿ. ದಿನಕ್ಕೆ ಒಂದೇ ಸಲ ಮಾಡಿದ್ರೆ ಹೆಂಗೆ ಕಲಿತಾನು, ಪಾಪ? ಇವತ್ತಿಂದ ಸಂಜೆಗೂ ಮಾಡ್ಲಿ."

ರೂಪಶ್ರೀ ಆಗಲೇ ಸಂಜೆಯ ಪಾಲಿನ ಕಾಳನ್ನು ಮೊರಕ್ಕೆ ಸುರಿದು ಆರಿಸತೊಡಗಿದ್ದಳು.