ಎರಡು ಮೊಳ ಖಾಲಿ ಟೇಪು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬೂತಿನಿಂದ ಹಾಲಿನ ಬಾಟಲಿ ತಂದು, ಡಿಕಾಕ್ಷನ್ ಇಳಿಯಲು ಬಿಟ್ಟು, ನಮ್ಮ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ರಾಜಾಜಿನಗರದ ಸರ್ಕಲ್ಲಿಗೆ ಅವರ ಆಫೀಸು ಬಸ್ಸು ಬರಲು ಇನ್ನೂ ಹೊತ್ತಿತ್ತು, ಸ್ನಾನಕ್ಕೆ ಹೋಗಿದ್ದರು. ಮೇಜಿನ ಮೇಲೆ ಟೇಪಿನ ಸುರುಳಿ. ಹಾಡಿನ ಟೇಪಲ್ಲ, ಕಂಪ್ಯೂಟರಿಗೆ ಓದಿಸಲು ಸಾಲುಸಾಲಾಗಿ ತೂತು ಹೊಡೆದ ಕಾಗದದ ಪಟ್ಟಿ. ದೆಹಲಿಯಿಂದ ಬಂದಿದ್ದ ಅಧಿಕಾರಿಗಳ ಮುಂದೆ ಅಂದು ಅದನ್ನು ಓಡಿಸಿ ತೋರಿಸಬೇಕಿತ್ತು. ಮೂರು ತಿಂಗಳ ದುಡಿಮೆ.

ನಾನು ಸುಮ್ಮನಿರಬಹುದಿತ್ತು. ಆದರೆ ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರ್ ಕಲಿಸಿದ್ದರಲ್ಲಿ ನನಗೆ ಪೂರ್ತಿಯಾಗಿ ಹತ್ತಿದ್ದು ಒಂದೇ ವಿದ್ಯೆ: ಅಂಚು ಓರೆಯಾಗಿ ಕಂಡರೆ ಕತ್ತರಿಸುವುದು. ಮದುವೆಯಾದ ಹೊಸತರಲ್ಲಿ ಅತ್ತೆಯವರ ಸೀರೆಯ ಕುಚ್ಚನ್ನು ಎಳೆ ಬಿಟ್ಟಿದೆಯೆಂದು ತಿಳಿದು ಕತ್ತರಿಸಿ ಸಪಾಟು ಮಾಡಿದ್ದೆ. ಟೇಪಿನ ಮೊದಲ ಎರಡು ಮೊಳದಲ್ಲಿ ನಡುವಿನ ಸಣ್ಣ ಚುಕ್ಕಿಸಾಲು ಬಿಟ್ಟರೆ ಏನೂ ಇಲ್ಲ; ತುದಿ ಬೇರೆ ಮುದುರಿತ್ತು. ಕತ್ತರಿಸಿ, ಬಿಗಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಅಂದವಾಗಿತ್ತು.

ಸಂಜೆ ಯಜಮಾನರು ಬೂಟು ಕೂಡ ಬಿಚ್ಚದೆ ಕುರ್ಚಿಗೆ ಒರಗಿದರು. "ಮುಗೀತು ಕಣೇ. ಎಲ್ಲರ ಮುಂದೆ ಮಿಷಿನ್ ಬೆಬ್ಬೆಬ್ಬೆ ಅಂತು. ನಾಳೆ ಇನ್ನೊಂದೇ ಚಾನ್ಸು. ತಪ್ಪು ಎಲ್ಲಿದೆ ಅಂತ ಹುಡುಕಲಿ?"

"ಆ ಟೇಪು ಓದೋ ಯಂತ್ರದ್ದೇ ತಪ್ಪಿರಬಹುದಲ್ಲಾರೀ?"

"ಅದರ ಚಾಳಿ ಗೊತ್ತಿರೋದೇ. ಶುರುವಿನಲ್ಲಿ ವೇಗ ಹತ್ತೋವರೆಗೂ ಬಾಯಿಗೆ ಬಂದದ್ದು ಓದುತ್ತೆ. ಬಿಡಿಭಾಗ ಫಾರಿನ್ನಿಂದ ಬರಬೇಕು. ಅದಕ್ಕೇ ಕಂಪ್ಯೂಟರನ್ನ ನಡೆಸೋ ಮೂಲ ಪ್ರೋಗ್ರಾಮಲ್ಲಿ, ಮೊದಲ ಎರಡು ಮೊಳ ಅದು ಏನೇ ಒದರಿದ್ರೂ ಕಿವಿಗೆ ಹಾಕ್ಕೋಬೇಡ ಅಂತ ಬರೆದಿದೀನಿ. ಟೇಪಲ್ಲೂ ಅಷ್ಟು ಖಾಲಿ ಬಿಟ್ಟಿರ್ತೀನಿ."

"ರೀ... ಆ ಖಾಲೀದನ್ನ ಬೆಳಿಗ್ಗೆ ನಾನು ಕತ್ತರಿಸಿಬಿಟ್ಟೆ."

ಬೈಗುಳಕ್ಕೆಂದು ತಲೆ ತಗ್ಗಿಸಿ ನಿಂತೆ. ಅವರು ಕುರ್ಚಿಯಿಂದ ಜಿಗಿದೇಬಿಟ್ಟರು. "ಹಾಗಾದ್ರೆ ನನ್ನ ಪ್ರೋಗ್ರಾಂ ಸರಿಯಾಗೇ ಇದೆ! ಖಾಲಿ ಅಂದ್ಕೊಂಡು ನಿಜವಾದ ಎರಡು ಮೊಳಾನೇ ಬಿಟ್ಟುಬಿಟ್ಟಿದೆ! ಮುಂದಕ್ಕೊಂದು ಖಾಲಿ ತುಂಡು ಅಂಟಿಸಿದ್ರೆ ಆಯ್ತು. ಕಾಫಿ ಕೊಡೇ!" ಪ್ರೋಗ್ರಾಮೂ ನಿರ್ದೋಷಿ, ಈ ಸಲ ಯಂತ್ರವೂ ನಿರ್ದೋಷಿ. ಕೆಟ್ಟಿದ್ದ ಭಾಗ ನಾನೊಬ್ಬಳೇ, ಅದೂ ಸ್ವದೇಶಿ.

ಹೆಪ್ಪು ಕೇಳಲು ಬಂದಿದ್ದ ಪಕ್ಕದ ಪೋರ್ಷನ್ನಿನ ಸರೋಜಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಕೊಟ್ಟ ಹೆಪ್ಪಿನ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹೊರಡುತ್ತಾ ಅಂದರು: "ಅದಕ್ಕೇನ್ರೀ ಅಷ್ಟೊಂದು? ಇನ್ಮೇಲಿಂದ ನಾಲ್ಕು ಮೊಳ ಖಾಲಿ ಬಿಡೋಕೆ ಹೇಳಿ. ನೀವು ಕತ್ತರಿಸಿದ ಮೇಲೂ ಮಿಷಿನ್ನಿಗೆ ಎರಡು ಉಳಿಯತ್ತೆ."