ನೆಂಟರು ಯಾರೂ ಹೋಗಿರಬಾರದು

ನಮ್ಮ ಭಾವನ ತಲೆಯಲ್ಲಿ ಒಂದು ನಟ್ಟು ಸಡಿಲವಾಗಿದೆ ಎಂದು ಮೊದಲು ಪತ್ತೆ ಹಚ್ಚಿದವನು ನಾನಲ್ಲ. ಆ ಗೌರವ ಅವರ ವರ್ಕ್‌ಶಾಪಿನ ಸೂಪರ್‌ವೈಸರಿಗೆ ಸಲ್ಲಬೇಕು. ಭಾವ ತುಮಕೂರಿನ ಅಂತರಸನಹಳ್ಳಿಯಲ್ಲಿ ಲೇತ್ ಮಿಷನ್ ಮೇಲೆ ಕೆಲಸ ಮಾಡುತ್ತಿದ್ದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಬ್ಬಿಣ ಕಡೆಯುವ ಕೈ. ಆದರೆ ರಜಾ ಅರ್ಜಿ ಬರೆಯಲು ಕೂತರೆ ಅದೇ ಕೈಗೆ ಏನೋ ಆಗಿಬಿಡುತ್ತಿತ್ತು. ಉಳಿದವರು ಹೊಟ್ಟೆನೋವು, ಅಜ್ಜಿಯ ಸಾವು ಎಂದು ಲಕ್ಷಣವಾಗಿ ಸುಳ್ಳು ಬರೆಯುವ ಜಾಗದಲ್ಲಿ ಇವರು ಒಮ್ಮೆ ಬರೆದದ್ದು ಹೀಗೆ: ‘ನಾಲೆಗೆ ನೀರು ಬಿಡುತ್ತಾರಂತೆ. ನೀರಿನ ಜೊತೆ ಹೋಗಬೇಕಾಗಿರುವುದರಿಂದ ಎರಡು ದಿನ ರಜಾ ಕೊಡಬೇಕಾಗಿ ವಿನಂತಿ.’ ಸೂಪರ್‌ವೈಸರ್ ಅದನ್ನು ಎರಡು ಸಲ ಓದಿ, “ಹೋಗಪ್ಪಾ, ನೀರನ್ನ ಕಾಯಿಸ್ಬೇಡ” ಎಂದು ಸೈನ್ ಹಾಕಿದರಂತೆ.

ಭಾವನಿಗೆ ತಿರುಗಾಟದ ಹುಚ್ಚು. ಹಾಗಂತ ಊಟಿ, ಕೊಡೈಕೆನಾಲ್ ಎಂದು ಅವರ ಮುಂದೆ ಹೇಳಿ ನೋಡಬೇಕು, ಹರಳೆಣ್ಣೆ ಕುಡಿದವರ ಮುಖ ಮಾಡುತ್ತಿದ್ದರು. ಅವರದು ಒಂದೇ ಕಾನೂನು: ನಾವು ಹೋಗುವ ಜಾಗಕ್ಕೆ ನಮ್ಮ ನೆಂಟರು ಯಾರೂ ಹೋಗಿರಬಾರದು.

“ಜೋಗಕ್ಕೆ ಹೋಗಿ ಭಾವ.”

“ನಿಮ್ಮ ಚಿಕ್ಕಪ್ಪ ಹೋಗಿದಾರೆ.”

“ಗೋವಾ?”

“ಚಿಕ್ಕಪ್ಪನ ಮಗ ಹೋಗಿ ಟೋಪಿ ಹಾಕ್ಕೊಂಡು ಬಂದಿದಾನೆ.”

ನಮ್ಮ ನೆಂಟರೋ, ಕಾಲಿಗೆ ಚಕ್ರ ಕಟ್ಟಿಕೊಂಡವರು. ಅವರು ಹೋಗದೇ ಇರುವ ಜಾಗ ಈ ಭೂಮಿ ಮೇಲೆ ಎಷ್ಟು ಉಳಿದಿರಬಹುದು, ನೀವೇ ಹೇಳಿ? ತಮಾಷೆಯೆಂದರೆ ಇಷ್ಟೆಲ್ಲ ಹುಚ್ಚಿರುವ ಈ ಮನುಷ್ಯನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ತುಮಕೂರಿನಲ್ಲಿ ಹತ್ತಿದರೆ ಕ್ಯಾತ್ಸಂದ್ರ ದಾಟುವುದರೊಳಗೆ ಜೇಬಿನಿಂದ ನಿಂಬೆಹಣ್ಣು ಹೊರಗೆ ಬರುತ್ತಿತ್ತು.

ಇಂಥ ಮಹಾನುಭಾವರಿಗೆ ನಾವು ಕೊಟ್ಟದ್ದು ನಮ್ಮಕ್ಕನನ್ನು. ಅಕ್ಕ ಮೂರು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಮಂಡಿಯ ಮೇಲೆ ಕೈಯೂರಿ ನಿಧಾನಕ್ಕೆ ನಡೆಯುತ್ತಾಳೆ. ಗುಬ್ಬಿಯ ನಮ್ಮ ಮನೆಯಲ್ಲಿ ಪ್ರವಾಸ ಎಂದರೆ ಬೆಟ್ಟ, ಬೆಟ್ಟ ಎಂದರೆ ಮೆಟ್ಟಿಲು. ಸಿದ್ಧಗಂಗೆ, ದೇವರಾಯನದುರ್ಗ, ಶ್ರವಣಬೆಳಗೊಳ. ದೇವರುಗಳೆಲ್ಲ ಯಾಕೆ ಹಾಗೆ ಎತ್ತರಕ್ಕೇ ಹೋಗಿ ಕೂರುತ್ತಾರೋ! ನಾವು ಮೇಲೆ ಹೋದರೆ ಅಕ್ಕ ಕೆಳಗೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದಳು. ಸ್ವಲ್ಪ ದೊಡ್ಡವಳಾದ ಮೇಲೆ ಅದೂ ಸಾಕೆನಿಸಿ, “ನೀವು ಹೋಗ್ಬನ್ನಿ, ನಾನು ಮನೇಲಿರ್ತೀನಿ” ಎನ್ನತೊಡಗಿದಳು. ನಾವೂ ಇನ್ನೊಂದು ಸಲ ಕರೆಯುತ್ತಿರಲಿಲ್ಲ. ಮದುವೆಯಾದ ಮೇಲೂ ಇವಳು ಹೀಗೇ ಹೊಸಿಲು ದಾಟದೆ ಕೂತುಬಿಡುತ್ತಾಳೇನೋ ಎನ್ನುವುದೊಂದೇ ಅಮ್ಮನ ಕೊರಗು.

ಪ್ರವಾಸ ಹೋಗಿಬಂದವರಿಗೆ ನಮ್ಮಲ್ಲಿ ಇನ್ನೊಂದು ಕೆಲಸವಿತ್ತು. ಅವತ್ತು ಸಂಜೆ ನಡುಮನೆಯಲ್ಲಿ ಕೂತು, ತಂದ ಕಡ್ಲೆಪುರಿ ಹಂಚಿ, ಹೋದ ಊರಿನ ಕಥೆ ಹೇಳಬೇಕು. ಹೇಳುವುದು ಅಷ್ಟು ಸುಲಭವಲ್ಲ. “ನಾವು ಧರ್ಮಸ್ಥಳದಲ್ಲಿ ಇಳಿದ್ವಾ...” ಎನ್ನುವಷ್ಟರಲ್ಲಿ ಚಿಕ್ಕಪ್ಪ “ನಾವು ಎಪ್ಪತ್ತೆಂಟರಲ್ಲಿ ಹೋದಾಗ” ಎಂದು ಬಾಯಿ ಹಾಕುತ್ತಿದ್ದರು. ಐದು ನಿಮಿಷದಲ್ಲಿ ಹೊಸ ಪ್ರವಾಸ ಮುಗಿದು ಎಪ್ಪತ್ತೆಂಟರ ಪ್ರವಾಸ ಶುರುವಾಗಿರುತ್ತಿತ್ತು. ಎಲ್ಲಿಗೂ ಹೋಗದ ಅಕ್ಕ ಬಾಗಿಲಿಗೆ ಒರಗಿಕೊಂಡು ಎಲ್ಲರದನ್ನೂ ಕೇಳುತ್ತಿದ್ದಳು.

ಮದುವೆಯಾಗಿ ಎರಡು ವರ್ಷಕ್ಕೆ, ತೊಂಬತ್ತನಾಲ್ಕರಲ್ಲಿ, ಭಾವ ಮೊದಲ ಬಾಂಬ್ ಹಾಕಿದರು. ನಮ್ಮಪ್ಪ ಗುಬ್ಬಿಯ ಕಾಯಿ ಮಂಡಿಯೊಂದರಲ್ಲಿ ಗುಮಾಸ್ತರು. ಅಲ್ಲಿಂದ ಸೋಲಾಪುರಕ್ಕೆ ತೆಂಗಿನಕಾಯಿ ಲಾರಿ ಹೋಗುತ್ತಿತ್ತು. ಭಾವ ಬಂದು ಅಪ್ಪನ ಮುಂದೆ ಕೈಕಟ್ಟಿ ನಿಂತರು.

“ಮಾವ, ಆ ಲಾರೀಲಿ ನಾವಿಬ್ರೂ ಹೋಗ್ಬರ್ತೀವಿ.”

“ಸೋಲಾಪುರದಲ್ಲಿ ನಿಮ್ಮೋರು ಯಾರಿದಾರೆ?”

“ಯಾರೂ ಇಲ್ಲ. ಅದಕ್ಕೇ.”

ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಲಾರಿಯ ಡ್ರೈವರ್ ಪಾಷಾ ಭಾಯಿ ತುಮಕೂರಿನವರು, ಅಪ್ಪನಿಗೆ ಹಳಬರು. ಅವರೂ ತಲೆ ಕೆರೆದುಕೊಂಡರು. “ಇದು ಲೋಡ್ ಗಾಡಿ ಸಾರ್, ಹೆಣ್ಮಕ್ಳು ಕೂತ್ಕೊಳ್ಳೋದು ಹೆಂಗೆ?” ಎಂದವರು, ಭಾವ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಕ್ಯಾಬಿನ್ನಿನ ಹಿಂದಿನ ಸೀಟಿಗೆ ತಮ್ಮದೇ ಜಮಖಾನ ಹಾಸಿ, ಹತ್ತಲು ಒಂದು ಮರದ ಪೆಟ್ಟಿಗೆ ಇಟ್ಟರು. ಅಕ್ಕ ಪೆಟ್ಟಿಗೆಯ ಮೇಲೆ ನಿಂತು ಹಿಂಜರಿದಳು.

“ಬೇಡಾರೀ, ನನ್ನಿಂದ ಎಲ್ರಿಗೂ ತೊಂದ್ರೆ.”

“ಎಂಟು ಸಾವಿರ ಕಾಯಿ ಹೊರೋ ಗಾಡಿಗೆ ನೀನೊಬ್ಳು ಭಾರವಾ? ಹತ್ತೇ.”

ಹಿರಿಯೂರು ದಾಟಿದ ಮೇಲೆ ಟೈರ್ ಸಿಡಿಯಿತು. ಸ್ಟೆಪ್ನಿ ಹಾಕಿದರೆ ಅದೂ ಹೋಯಿತು. ಪಾಷಾ ಭಾಯಿ, ಅವರ ಕ್ಲೀನರ್ ಇಬ್ಬರೂ ಟೈರ್ ಹೊತ್ತು ಊರಿನ ಕಡೆ ಹೋದರು. ಭಾವ, ಅಕ್ಕ ಇಬ್ಬರೂ ಇಡೀ ಹಗಲು ಲಾರಿಯ ನೆರಳಲ್ಲಿ ಕೂತರು. ಕೂತವಳು ಸುಮ್ಮನಿರಬೇಕಲ್ಲ! ಲಾರಿಯಲ್ಲಿದ್ದ ಪಂಪ್ ಸ್ಟೌ ಇಳಿಸಿಕೊಂಡು ಅಕ್ಕ ಉಪ್ಪಿಟ್ಟು ಮಾಡಿದಳು. ಒಗ್ಗರಣೆಯ ವಾಸನೆಗೆ ಒಂದು ಲಾರಿ ನಿಂತಿತು, ಅದನ್ನು ನೋಡಿ ಇನ್ನೊಂದು. ಮೂರನೆಯದರಿಂದ ಒಬ್ಬ ಸರ್ದಾರ್‌ಜಿ ಇಳಿದು, ಉಪ್ಪಿಟ್ಟು ತಿಂದು, ಅಕ್ಕನಿಗೆ ಕೈಮುಗಿದು, ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟು ಹೋದ.

ಒಂದು ವಾರ ಬಿಟ್ಟು ವಾಪಸ್ ಬಂದರು. ಸಂಜೆ ನಡುಮನೆಯಲ್ಲಿ ಅಕ್ಕ ಕೂತು ಪುರಿ ಹಂಚಿದಳು. ಕೃಷ್ಣಾ ನದಿಯ ಸೇತುವೆ ಬಂದಾಗ ಕ್ಲೀನರ್ ಕಣ್ಣು ಮುಚ್ಚಿ ನಾಣ್ಯ ಎಸೆದದ್ದು, ಸೋಲಾಪುರದ ಮಂಡಿಯಲ್ಲಿ ಹೆಂಗಸರೇ ಕಾಯಿ ತಟ್ಟಿ ಶಬ್ದ ಕೇಳಿ ಬೇರೆ ಮಾಡುವುದು, ಸರ್ದಾರ್‌ಜಿಗೆ ಉಪ್ಪಿಟ್ಟಿನ ಹೆಸರು ಬಾಯಿಪಾಠ ಮಾಡಿಸಿದ್ದು. ಒಂದೂವರೆ ಗಂಟೆ ಹೇಳಿದಳು. ಒಲೆಯ ಮೇಲೆ ಹಾಲು ಉಕ್ಕಿಹೋಯಿತು, ಅಮ್ಮ ಏಳಲಿಲ್ಲ. ಚಿಕ್ಕಪ್ಪ ಅಭ್ಯಾಸಬಲದಿಂದ ಎರಡು ಸಲ ಬಾಯಿ ತೆರೆದರು. ಲಾರಿಯಲ್ಲಿ ಸೋಲಾಪುರಕ್ಕೆ ಅವರು ಎಪ್ಪತ್ತೆಂಟರಲ್ಲೂ ಹೋಗಿರಲಿಲ್ಲ. ತೆರೆದ ಬಾಯಿಗೆ ಪುರಿ ಹಾಕಿಕೊಂಡರು.

ಆಮೇಲೆ ಭಾವನನ್ನು ಹಿಡಿಯುವವರೇ ಇಲ್ಲವಾದರು. ನಾಲೆಗೆ ನೀರು ಬಿಟ್ಟದ್ದು ಮರುವರ್ಷ. ಒಣಗಿದ ಹೇಮಾವತಿ ನಾಲೆಯಲ್ಲಿ ಮೊದಲ ನೀರು ಬರುತ್ತದಲ್ಲ, ಅದು ಮನುಷ್ಯ ನಡೆಯುವಷ್ಟೇ ನಿಧಾನಕ್ಕೆ ಬರುತ್ತದೆ. ಅದರ ಪಕ್ಕದಲ್ಲೇ ಏರಿಯ ಮೇಲೆ ಎತ್ತಿನ ಗಾಡಿಯಲ್ಲಿ ಹೋಗುವುದು ಎಂದು ಭಾವ ಯೋಜನೆ ಹಾಕಿದರು. ಈ ಸಲ ನಾನೂ ಗಾಡಿ ಹತ್ತಿದೆ. ನಿಟ್ಟೂರಿನ ಆಚೆ ನೀರು ನಮಗೆ ಸಿಕ್ಕಿತು. ಮುಂದೆ ಒಣಗಿದ ಎಲೆ, ಕಡ್ಡಿ, ಒಂದು ಹವಾಯಿ ಚಪ್ಪಲಿ, ನೊರೆ. ಹಿಂದೆ ಕೆಂಪಗೆ ನೀರು. ಗಾಬರಿಯಾದ ಏಡಿಗಳು ದಂಡೆ ಹತ್ತುತ್ತಿದ್ದವು. ಅಕ್ಕ ಗಾಡಿಯಿಂದ ಬಗ್ಗಿ, “ಬಾ ಬಾ, ಬೇಗ ಬಾ” ಎಂದು ನೀರನ್ನು ಕರುವಿನಂತೆ ಕರೆಯುತ್ತಿದ್ದಳು.

ಮಧ್ಯಾಹ್ನ ಬುತ್ತಿ ಬಿಚ್ಚಲು ನೀರಿಗಿಂತ ಸ್ವಲ್ಪ ಮುಂದೆ ಹೋಗಿ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ನಾವು ಉಣ್ಣುವಷ್ಟರಲ್ಲಿ ನೀರು ಬಂದು ಸೇರಬೇಕು. ಉಂಡೆವು, ಎಲೆ ಅಡಿಕೆ ಹಾಕಿದೆವು, ಎತ್ತುಗಳು ಒಂದು ನಿದ್ದೆ ತೆಗೆದವು. ನೀರು ಬರಲಿಲ್ಲ. ಭಾವ ಹುಡುಕಿಕೊಂಡು ಹಿಂದಕ್ಕೆ ಹೊರಟರು, ಜೊತೆಗೆ ನಾನು. ಹೊಲದಲ್ಲಿದ್ದ ಒಬ್ಬರು ನಮ್ಮ ಮುಖ ನೋಡಿ ಮರುಗಿದರು.

“ಏನಣ್ಣ, ದನ ಕಳ್ಕಂಡ್ರಾ?”

“ಇಲ್ಲಣ್ಣ, ನೀರು.”

ಅವರು ಒಂದು ನಿಮಿಷ ಯೋಚಿಸಿದರು. “ಹಿಂದ್ಗಡೆ ತೂಬು ಎತ್ತವ್ರೆ. ನಿಮ್ ನೀರು ಕೆರೆಗೋಯ್ತು ಬುಡಿ.”

ಕಳೆದುಕೊಂಡ ದನವನ್ನು ಹುಡುಕಬಹುದು, ನೀರನ್ನು ಏನು ಮಾಡುವುದು? ಕೆರೆಯ ದಂಡೆಗೇ ಗಾಡಿ ಹೊಡೆದುಕೊಂಡು ಹೋಗಿ, ನಮ್ಮ ನೀರು ಯಾವುದಿರಬಹುದು ಎಂದು ಸಾಯಂಕಾಲದವರೆಗೆ ನೋಡಿಕೊಂಡು ಬಂದೆವು. ಮನೆಯಲ್ಲಿ ಅಕ್ಕ ಕಥೆ ಹೇಳುವ ಹೊತ್ತಿಗೆ ಭಾವ ನನ್ನ ಬಾಯಿಗೆ ಎರಡು ಬಾಳೆಹಣ್ಣು ಒಂದರ ಮೇಲೊಂದು ಕೊಟ್ಟರು. ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ.

ಇನ್ನು ರೋಡ್ ರೋಲರಿನ ವಿಷಯ. ಹೈವೇ ಅಗಲ ಮಾಡುತ್ತಿದ್ದ ಕಾಲ. ರೋಲರಿನ ಯಾವುದೋ ಭಾಗ ರಿಪೇರಿಗೆ ಭಾವನ ಕೈಗೆ ಬಂತು. ಸರಿ ಮಾಡಿಕೊಟ್ಟವರು ಡ್ರೈವರನನ್ನು ಕೇಳಿದ್ದು ಒಂದೇ, ಹಿರೇಹಳ್ಳಿಯವರೆಗೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗು ಎಂದು. ಬೆಳಿಗ್ಗೆ ತಿಂಡಿ ತಿಂದು ಹೊರಟರು. ಸೈಕಲ್ಲುಗಳು ಮುಂದೆ ಹೋದವು. ಕುರಿಮಂದೆಯೊಂದು ಮುಂದೆ ಹೋಯಿತು, ಕುರಿ ಕಾಯುವವನು ತಿರುಗಿ ನೋಡಿ ನಕ್ಕ. ಬೆಳಿಗ್ಗೆ ಬಸ್ಸಿನಲ್ಲಿ ದಾಬಸ್‌ಪೇಟೆಗೆ ಹೋಗುವಾಗ ಇವರನ್ನು ನೋಡಿದ ಚಿಕ್ಕಪ್ಪ, ಕೆಲಸ ಮುಗಿಸಿಕೊಂಡು ಬರುವಾಗಲೂ ನೋಡಿದರು. ಅಷ್ಟು ಹೊತ್ತಿಗೆ ಇವರು ಒಂದು ಮೈಲಿ ಮುಂದೆ ಹೋಗಿದ್ದರಂತೆ. ಚಿಕ್ಕಪ್ಪ ನೆಟ್ಟಗೆ ಗುಬ್ಬಿಗೆ ಬಂದು ಅಪ್ಪನಿಗೆ ವರದಿ ಒಪ್ಪಿಸಿದರು: “ಅಣ್ಣ, ನಿನ್ ಮಗಳು ರೋಡ್ ರೋಲರ್ ಮೇಲೆ ಕೊಡೆ ಹಿಡ್ಕೊಂಡು ಹೋಗ್ತಾವ್ಳೆ. ನಂಗೆ ಟಾಟಾ ಬೇರೆ ಮಾಡಿದ್ಲು.”

ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು. ಅಳುತ್ತಾರೆ ಎಂದುಕೊಂಡು ಹಿಂದೆ ಹೋದರೆ ನಗುತ್ತಿದ್ದರು. ನಮ್ಮಮ್ಮ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಹೀಗೇ ವರ್ಷಗಳು ಕಳೆದವು. ನಾನು ಕುಣಿಗಲ್ಲಿನ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದೆ, ಮದುವೆಯಾಯಿತು, ಮಕ್ಕಳಾದವು. ಎಲ್ಲರೂ ಹೋಗುವ ಊರುಗಳಿಗೆಲ್ಲ ಹೋಗಿ, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗದಲ್ಲೇ ನಿಂತು ತೆಗೆಸಿಕೊಂಡು ನನಗೂ ಸಾಕಾಗಿತ್ತು. ಎರಡು ಸಾವಿರದ ಆರು ಇರಬೇಕು, ಸಹೋದ್ಯೋಗಿಯೊಬ್ಬರು ಟೂರ್ ಕಂಪನಿಯೊಂದರ ಬಣ್ಣದ ಕಾಗದವನ್ನು ಕೊಟ್ಟರು. ಮಾಮೂಲಿ ಪ್ರವಾಸ ಬೇಜಾರಾದವರಿಗಾಗಿಯೇ ಮಾಡಿದ್ದಂತೆ. ಹಗ್ಗಕ್ಕೆ ನೇತುಹಾಕಿ ಕಣಿವೆ ದಾಟಿಸುತ್ತಾರೆ, ಮರದ ಮೇಲೆ ಮಲಗಿಸುತ್ತಾರೆ. ನಮ್ಮ ಭಾವ ಹತ್ತು ವರ್ಷದ ಹಿಂದೆಯೇ ಮಾಡಿದ್ದನ್ನು ಈ ಜನ ಈಗ ಕಂಡುಹಿಡಿದಿದ್ದಾರಲ್ಲ ಎಂದು ಹೆಮ್ಮೆಯಾಯಿತು. ಭಾನುವಾರ ಹೆಂಡತಿ ಮಕ್ಕಳ ಜೊತೆ ತುಮಕೂರಿಗೆ ಹೋಗಿ ಕಾಗದವನ್ನು ಅವರ ಕೈಗೆ ಕೊಟ್ಟೆ.

ಭಾವ ಅದನ್ನು ಲೇತ್‌ನಿಂದ ಇಳಿಸಿದ ಬೋಲ್ಟಿನಂತೆ ತಿರುಗಿಸಿ ತಿರುಗಿಸಿ ನೋಡಿದರು.

“ನಿಮ್ ಚಿಕ್ಕಪ್ಪನ ಮಗ ಹೋಗಿದಾನಾ ಇಲ್ಲಿಗೆ?”

“ಹೋದ ವರ್ಷ ಹೋಗಿದ್ನಂತೆ.”

ಮಡಿಸಿ ವಾಪಸ್ ಕೊಟ್ಟರು. ನನಗೆ ರೇಗಿತು. “ಅಲ್ಲ ಭಾವ, ನೆಂಟರು ನೋಡಿದ್ರೆ ಆ ಜಾಗಕ್ಕೆ ಮೈಲಿಗೆ ಆಗುತ್ತಾ? ಏನ್ ಭಾವ ಇದು ನಿಮ್ ಹುಚ್ಚು?”

ಅವರು ಒಳಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನಂಗ್ಯಾವ ಹುಚ್ಚೂ ಇಲ್ಲ ಕಣೋ. ಭಾನುವಾರ ಮನೇಲಿ ಬಿದ್ಕೊಂಡಿರೋದು ಅಂದ್ರೆ ನಂಗೆ ಸ್ವರ್ಗ. ಮದುವೆಯಾದ ಹೊಸದ್ರಲ್ಲಿ ಇವಳನ್ನ ಮೈಸೂರಿಗೆ ಕರ್ಕೊಂಡು ಹೋಗಿದ್ದೆ. ವಾಪಸ್ ಬರೋವಾಗ ಬಸ್ಸಲ್ಲೆಲ್ಲ, ಗುಬ್ಬೀಲಿ ಏನೇನು ಹೇಳ್ಬೇಕು ಅಂತ ಜೋಡಿಸ್ಕೊಳ್ತಾನೇ ಇದ್ಲು. ಮೊದಲು ಅರಮನೆ, ಆಮೇಲೆ ಜಿರಾಫೆ. ಯಾವಾಗ್ಲೂ ಕೇಳೋಳು, ಅವತ್ತು ಹೇಳೋಳು. ಎಲ್ಲಾ ಕೂತಿದ್ರಿ. ಜಿರಾಫೆ ಅಂತ ಬಾಯಿ ಬಿಟ್ಲು, ಅಷ್ಟ್ರಲ್ಲಿ ಯಾರೋ ‘ಹುಲಿ ನೋಡಿದ್ಯಾ?’ ಅಂದ್ರು. ಕಾಲು ನೋವು ಬಂತು, ಅಲ್ಲಿತನಕ ಹೋಗಕ್ಕಾಗ್ಲಿಲ್ಲ ಅಂದ್ಲು. ‘ಹುಲಿ ನೋಡ್ದೆ ಇದ್ಮೇಲೆ ಮೈಸೂರಲ್ಲಿ ಏನ್ ನೋಡ್ದಂಗಾಯ್ತು’ ಅಂತ, ಅವರೇ ಹುಲಿ ಕಥೆ ಶುರು ಮಾಡಿದ್ರು. ಇವಳು ಪುರಿ ತಟ್ಟೆ ಕೆಳಗಿಟ್ಟು ಕಾಫಿ ಮಾಡಕ್ಕೆ ಎದ್ದು ಹೋದ್ಲು. ಅವತ್ತೇ ಅಂದ್ಕೊಂಡೆ, ಇನ್ಮೇಲೆ ಇವಳಿಗೆ ನಿಮ್ಮೋರು ಯಾರೂ ನೋಡ್ದೇ ಇರೋದನ್ನೇ ತೋರಿಸ್ಬೇಕು, ಆಗ ಯಾರು ಬಾಯಿ ಹಾಕ್ತಾರೋ ನೋಡೋಣ ಅಂತ.”

“ಚಿಕ್ಕಪ್ಪ ಯಾವಾಗ್ಲೂ ಹಂಗೇ ಬಿಡಿ” ಎಂದೆ.

ಭಾವ ನನ್ನ ಮುಖ ನೋಡಿದರು. “ಚಿಕ್ಕಪ್ಪ ಅಲ್ಲ ಕಣೋ. ನೀನು.”

ನನಗೆ ಆ ಸಂಜೆಯ ನೆನಪೇ ಇಲ್ಲ. ಪಿಯುಸಿ ಓದುತ್ತಿದ್ದೆ, ಹುಲಿ ಕಥೆ ಚೆನ್ನಾಗಿಯೇ ಹೇಳಿರುತ್ತೇನೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ನನ್ನ ಒಂದು ಮಾತನ್ನು ಅಳಿಸಲು ಈ ಮನುಷ್ಯ, ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸುವ ಈ ಮನುಷ್ಯ, ಹನ್ನೆರಡು ವರ್ಷ ಊರೂರು ಅಲೆದಿದ್ದರು. ನನ್ನ ಮೇಲೆ ಒಂದು ದಿನವೂ ಮುನಿಸಿಕೊಂಡಿರಲಿಲ್ಲ.

ಎದ್ದು ಒಳಗೆ ಹೋದೆ. ಅಕ್ಕ ಕುರ್ಚಿಯಲ್ಲಿ ಕೂತು ನನ್ನ ಹೆಂಡತಿ ಮಕ್ಕಳಿಗೆ ಹೇಳುತ್ತಿದ್ದಳು. ಹೋದ ತಿಂಗಳು ಕುಣಿಗಲ್ ಕೆರೆಯಲ್ಲಿ ಮೀನು ಹಿಡಿಯುವವರ ಹರಿಗೋಲು ಹತ್ತಿದ್ದರಂತೆ.

“ಮಧ್ಯಕ್ಕೆ ಹೋಗ್ತಿದ್ದಂಗೆ ಅದು ಗಿರ್ರಂತ ತಿರುಗ್ತು. ನಿಮ್ಮ ಮಾವ ತಲೆ ಹಿಡ್ಕೊಂಡು ‘ನಿಲ್ಸಪ್ಪ’ ಅಂದ್ರು. ‘ಇದಕ್ಕೆ ಬ್ರೇಕಿಲ್ಲ ಸಾಮಿ’ ಅಂದ ಅವನು. ನಾನೇ ಅವನ ಕೈಯಿಂದ ಹುಟ್ಟು ಇಸ್ಕೊಂಡೆ...”

ಕುಣಿಗಲ್ ಕೆರೆಯನ್ನು ದಿನಾ ಎರಡು ಸಲ ನೋಡುವವನು ನಾನು. ಯಾವ ಕಡೆ ಆಳ, ಯಾವ ಕಡೆ ಹೂಳು, ಎಲ್ಲ ಗೊತ್ತು. “ಅಕ್ಕ, ಆ ಕೆರೆ...” ಎಂದು ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು.

ಅಕ್ಕ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಹುಟ್ಟು ಹಾಕಿ ತೋರಿಸುತ್ತಿದ್ದ ಕೈ ಹಾಗೇ ನಿಂತಿತು.

ನಾನು ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

“ಆ ಕೆರೇನ ನಾನು ದಡದಿಂದ ಬಿಟ್ರೆ ನೋಡೇ ಇಲ್ಲ ಕಣಕ್ಕ” ಎಂದೆ. “ನೀನು ಹೇಳು, ಮಧ್ಯಕ್ಕೆ ಹೋದ್ರೆ ಹೆಂಗಿರುತ್ತೆ?”