ಮಾದಪ್ಪನ ಎಡೆ, ಮಂಗಳೂರಿನ ಹಲ್ವ

ನಮ್ಮ ಸೋದರಮಾವ ಸಕ್ಕರೆ ಕಾಯಿಲೆಗೆ ಆಗದ ಪದಾರ್ಥವನ್ನು ಜೀವಮಾನದಲ್ಲಿ ಒಂದು ಚೂರೂ ತಿಂದವರಲ್ಲ! ಹಾಗಾದರೆ ಮಂಗಳೂರಿನಲ್ಲಿ ಅವರು ತಿಂದ ಹಲ್ವ, ಬನ್ಸು, ಐಸ್‌ಕ್ರೀಮು ಇವೆಲ್ಲ ಏನು ಅಂತೀರಾ? ಅದು ಪ್ರಸಾದ ಸ್ವಾಮಿ, ಪ್ರಸಾದ! ಪ್ರಸಾದದಲ್ಲೂ ಸಕ್ಕರೆ ಇರುತ್ತದೆ ಎಂದು ಹೇಳುವ ಧೈರ್ಯ ನಿಮಗಿದ್ದರೆ ಅವರ ಊರು ಬಂಡಳ್ಳಿಗೆ ಬಂದು ಅವರ ಎದುರು ನಿಂತು ಹೇಳಿ ನೋಡಿ. ನಾನು ಹೇಳಿ ಸೋತಿದ್ದೇನೆ.

ವಿಷಯ ಇಷ್ಟೇ. ಮಾದಪ್ಪನ ಒಕ್ಕಲಾದ ನಮ್ಮ ಮನೆಗಳಲ್ಲಿ ಹೊಸದೇನು ಬಂದರೂ ಮೊದಲು ಅವನ ಬೆಟ್ಟದ ಕಡೆ ಮುಖ ಮಾಡಿ ದೇವರಿಗೆ ಎಡೆ ಇಡುತ್ತೇವೆ. ಹೊಸ ರಾಗಿಯ ಮೊದಲ ಮುದ್ದೆಗೂ ಅದೇ, ಕರು ಹಾಕಿದ ಹಸುವಿನ ಗಿಣ್ಣಿಗೂ ಅದೇ. ಎಡೆ ಇಟ್ಟವರೇ ಅದನ್ನು ಮೊದಲು ತಿನ್ನಬೇಕು, ಒಂದಗುಳೂ ಬಿಡುವಂತಿಲ್ಲ. ಮನೆಯೊಳಗೆ ಅಚ್ಚುಕಟ್ಟಾಗಿದ್ದ ಈ ಪದ್ಧತಿಯನ್ನು ಹೋಟೆಲಿನ ಟೇಬಲ್ಲಿನವರೆಗೂ ಎಳೆದು ತಂದ ಮಹಾನುಭಾವರು ನಮ್ಮ ಮಾವ. ಎದುರಿಗೆ ನಾನು ಅವರನ್ನು ‘ನೀನು’ ಅನ್ನುತ್ತೇನೆ, ಬರೆಯುವಾಗ ‘ಅವರು’ ಅನ್ನುತ್ತೇನೆ. ನಮ್ಮ ಕಡೆಯ ಮರ್ಯಾದೆಯೇ ಹೀಗೆ, ತಪ್ಪು ತಿಳಿಯಬೇಡಿ.

ಮಾವನ ಎಡಗಣ್ಣು ಚಿಕ್ಕಂದಿನಲ್ಲೇ ಚಿನ್ನಿದಾಂಡು ಆಡುವಾಗ ಹೋಗಿತ್ತು. ಉಳಿದ ಬಲಗಣ್ಣಿಗೆ ಈಗ ಪೊರೆ ಬಂದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟರು. ಹೋದರೆ ಸಕ್ಕರೆ ಏರಿದೆ ಎಂದು ವಾಪಸ್ ಕಳಿಸಿದರು. ಇನ್ನೊಂದು ದಿನ ಕೊಟ್ಟರು. ಆಗಲೂ ಅದೇ ಕತೆ! ಹಿಂದಿನ ದಿನ ಮನೆಯ ಬೆಲ್ಲದ ಡಬ್ಬ ತಳ ಕಂಡಿತ್ತು ಎಂದು ಅತ್ತೆ ಆಮೇಲೆ ಹೇಳಿದರು. ಮೂರನೆಯ ಸಲ ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಪೊರೆ ಬಲಿತುಹೋಗಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಮಾಡಿದರೂ ಪ್ರಯೋಜನ ಹೇಳಲಾಗದು, ಬರುವ ಮಂಗಳವಾರ ಸಕ್ಕರೆ ಇಳಿಸಿಕೊಂಡು ಬನ್ನಿ ಎಂದರು. ಅತ್ತೆ ಆಸ್ಪತ್ರೆಯ ಬಾಗಿಲಲ್ಲೇ ಅಳುತ್ತ ಕೂತರು.

ಇಂಥ ಹೊತ್ತಿನಲ್ಲಿ ಮಾವ ಒಂದು ಷರತ್ತು ಹಾಕಿದರು.

“ನಾನು ಒಂದ್ಸಲ ಸಮುದ್ರ ನೋಡ್ಬೇಕು ಕಣ್ಲಾ. ನೋಡಿದ್ ಮ್ಯಾಕೆ ಎಲ್ಲಿಗ್ ಕರುದ್ರೂ ಬತ್ತೀನಿ. ನೋಡ್ದೆ ಓದ್ರೆ ಆಪ್ರೇಸನ್ನೂ ಇಲ್ಲ, ಏನೂ ಇಲ್ಲ.”

ಯಳಂದೂರಿನ ಹೈಸ್ಕೂಲಿನಲ್ಲಿ ನಲವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುವ ಮೇಷ್ಟ್ರು ನಾನು. ಒಬ್ಬ ಮಾವನನ್ನು ಎರಡು ದಿನ ಕಾಯುವುದು ಎಷ್ಟರ ಕೆಲಸ ಎಂದುಕೊಂಡೆ. ಅತ್ತೆ ಮಾತ್ರೆಯ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. “ನೀನೇ ಕೊಡ್ಬೇಕು ಮಗ, ಕಣ್ಮುಂದೆ ನುಂಗುಸ್ಬೇಕು. ಸಿಹಿ ಮುಟ್ಟುಸ್ಬ್ಯಾಡ” ಎಂದರು. ಪಕ್ಕದ ಮನೆಯವರ ಸಕ್ಕರೆ ನೋಡುವ ಮಿಷನ್ನನ್ನೂ ಕೇಳಿ ಇಸಿದುಕೊಂಡೆ. ಶುಕ್ರವಾರ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆವು. ಭಾನುವಾರ ಹಿಂತಿರುಗುವುದು, ಮಂಗಳವಾರ ಆಸ್ಪತ್ರೆ. ಲೆಕ್ಕ ಸರಿಯಾಗಿಯೇ ಇತ್ತು.

ಶನಿವಾರ ಬೆಳಿಗ್ಗೆ ಮಂಗಳೂರಿನ ಹೋಟೆಲೊಂದರಲ್ಲಿ ಕೂತೆವು. ನಾನು ಮಾವನಿಗೆ ನೀರುದೋಸೆ, ಖಾರದ ಚಟ್ನಿ ಹೇಳಿದೆ. ಅವರು ಮೂಗರಳಿಸಿ ಪಕ್ಕದ ಟೇಬಲ್ಲಿನ ಕಡೆ ತಿರುಗಿದರು.

“ಅದೇನದು, ವಾಸನೆ ಗಮ್ಮಂತದೆ?”

“ಬನ್ಸು. ಬಾಳೆಹಣ್ಣು, ಸಕ್ಕರೆ ಹಾಕಿ ಮಾಡ್ತಾರೆ. ನಿನಗೆ ಆಗಲ್ಲ” ಎಂದೆ.

“ನಂಗೆ ಯಾರ್ಲಾ ಕೇಳುದ್ರು? ಬಂಡಳ್ಳಿ ಬುಟ್ಟು ಇಷ್ಟು ದೂರ ಬಂದಿದ್ದೀವಿ. ಮಾದಪ್ಪ ಇದುನ್ನ ಯಾವತ್ತು ಕಂಡವ್ನೆ? ಅವುನ್ಗೊಂದು ಎಡೆ ಇಕ್ಬ್ಯಾಡ್ವಾ?”

ನಾನು ಬೇಡವೆಂದು ಕೈಯಾಡಿಸಿದೆ. ಅಷ್ಟರಲ್ಲಿ ಸಪ್ಲೈಯರನ್ನು ಕರೆದಾಗಿತ್ತು. ಬನ್ಸು ಬಂತು. ಮಾವ ಎದ್ದು ನಿಂತು, “ಸಾ, ಮಾದಪ್ಪನ್ ಬೆಟ್ಟ ಯಾವ್ ಕಡಿಕೆ ಬತ್ತದೆ?” ಎಂದು ಕೇಳಿದರು. ಆತ ಪಾಪ, ಅಡುಗೆಮನೆಯ ಕಡೆ ನೋಡಿದ, ಬೀದಿಯ ಕಡೆ ನೋಡಿದ. “ಅದೆಲ್ಲ ನನಗೆ ಗೊತ್ತಿಲ್ಲ ಮಾರ್ರೆ. ನಿಮಗೆ ಫ್ಯಾನಿನ ಗಾಳಿ ಬರುವುದಿಲ್ವಾ?” ಎಂದ. ಮಾವ ತಾವೇ ಒಂದು ದಿಕ್ಕು ಗೊತ್ತು ಮಾಡಿ, ಕುರ್ಚಿಯನ್ನು ಕೈ ತೊಳೆಯುವ ತೊಟ್ಟಿಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಕೈ ಮುಗಿದು, “ಉಘೇ ಮಾದಪ್ಪಾ!” ಎಂದು ಕೂಗಿದರು. ಇಡೀ ಹೋಟೆಲು ನಮ್ಮತ್ತ ತಿರುಗಿತು. ಕೈ ತೊಳೆಯುತ್ತಿದ್ದ ದಪ್ಪ ಮೀಸೆಯವರೊಬ್ಬರು ತಮಗೇ ಕೈ ಮುಗಿದರೆಂದು ತಿಳಿದು ತಿರುಗಿ ಕೈ ಮುಗಿದರು.

ಎಡೆಯಾದ ಮೇಲೆ ಏನು ಮಾಡುತ್ತೀರಿ? ನಾನೂ ಅದೇ ಒಕ್ಕಲಿನವನು! ಪ್ರಸಾದಕ್ಕೆ ಕೈ ಅಡ್ಡ ಇಡಲು ಧೈರ್ಯ ಬೇಕಲ್ಲ? ಕೊನೆಗೆ, “ಪ್ರಸಾದ ಹಂಚಿ ತಿನ್ನಬೇಕು” ಎಂದು ಕೂಗಿ ಮುಕ್ಕಾಲು ಪಾಲು ನಾನೇ ಕಿತ್ತುಕೊಂಡು ನುಂಗಿದೆ. ಗೆದ್ದೆ ಎಂದುಕೊಂಡೆ. ಮಾವ ಬೇಜಾರು ಮಾಡಿಕೊಳ್ಳಲೇ ಇಲ್ಲ. ಇನ್ನೊಂದು ಪ್ಲೇಟು ಹೇಳಿದರು.

ಅಲ್ಲಿಂದ ಮುಂದೆ ನಾನು ಊರು ನೋಡಲಿಲ್ಲ, ಮಾವನ ಕೈ ನೋಡಿದೆ. ದಾರಿಯಲ್ಲಿ ಕಬ್ಬಿನ ಗಾಣದ ಗೆಜ್ಜೆ ಕೇಳಿಸಿದರೆ ಅವರ ತೋಳು ಹಿಡಿದು ಎದುರು ಫುಟ್‌ಪಾತಿಗೆ ಎಳೆಯುತ್ತಿದ್ದೆ. ಎದುರು ಫುಟ್‌ಪಾತಿನಲ್ಲಿ ಹಲ್ವದ ಅಂಗಡಿ ಇರುತ್ತಿತ್ತು! ಗಾಜಿನ ಹಿಂದೆ ಕೆಂಪು, ಹಸಿರು, ಹಳದಿ ಹಲ್ವದ ಗಟ್ಟಿಗಳು. ಅಂಗಡಿಯವರು ರುಚಿಗೆಂದು ಒಂದೊಂದು ಚೂರು ಕೊಟ್ಟರು. ಮಾವ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಎಡೆ ಇಟ್ಟರು.

“ಕೆಂಪಿಗೂ ಹಸಿರಿಗೂ ರುಚಿ ಒಂದೇ ಮಾವ!”

“ಅದುನ್ನ ಮಾದಪ್ಪ ಯೋಳ್ಬೇಕು. ನೀನ್ಯಾರ್ಲಾ ಯೋಳಕ್ಕೆ?”

ಮಧ್ಯಾಹ್ನಕ್ಕೆ ನಾನೊಂದು ಉಪಾಯ ಹೂಡಿದೆ. ಮೀನಿನಲ್ಲಿ ಸಕ್ಕರೆ ಇಲ್ಲವಲ್ಲ! ಊರಿನಲ್ಲಿ ಬಾಡೂಟವೆಂದರೆ ಪಂಕ್ತಿಯಲ್ಲಿ ಮೊದಲು ಕೂತು ಕೊನೆಗೆ ಏಳುವ ಮನುಷ್ಯ. ಮಸಾಲೆ ಹಚ್ಚಿ ಕರಿದ ದೊಡ್ಡ ಮೀನನ್ನು ಅವರ ಮುಂದೆ ಇಡಿಸಿದೆ. ಅದರ ಘಮಕ್ಕೆ ನನಗೇ ತಡೆಯಲಾಗುತ್ತಿರಲಿಲ್ಲ. ಮಾವ ತಟ್ಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ನನ್ನ ಕಡೆ ತಳ್ಳಿದರು.

“ಮಾದಪ್ಪುಂಗೆ ಮೀನು ಎಡೆ ಇಕ್ಕಕ್ಕಾಯ್ತದಾ? ಎಡೆ ಇಕ್ದೆ ನಾನು ಉಣ್ಣಲ್ಲ.”

ಊರಿನಲ್ಲಿ ಇಲ್ಲದ ಈ ವ್ರತ ಇಲ್ಲಿ ಯಾವಾಗ ಶುರುವಾಯಿತು? ಅಲ್ಲಿಂದ ಎದ್ದವರು ಐಸ್‌ಕ್ರೀಮಿನ ಅಂಗಡಿಗೆ ಹೋಗಿ, ಎತ್ತರದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿಗಳ ಮೇಲೆ ಮೂರು ಉಂಡೆ ಐಸ್‌ಕ್ರೀಮು ಪೇರಿಸಿದ ಗಡ್‌ಬಡ್ ಎಂಬ ಪದಾರ್ಥಕ್ಕೆ ಎಡೆ ಇಟ್ಟರು. ನಾನು ಎರಡು ಉಂಡೆ ಕಸಿದು ತಿಂದೆ. ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ಬಂತು.

ಸಂಜೆ ಗುಡ್ಡದ ಮೇಲಿನ ಹಳೆಯ ದೀಪಸ್ತಂಭದ ಹತ್ತಿರ ಹೋದೆವು. ಅಲ್ಲಿಂದ ದೂರದಲ್ಲಿ ಸಮುದ್ರದ ಒಂದು ಗೀಟು ಕಾಣುತ್ತದೆ ಎಂದು ಆಟೋದವರು ಹೇಳಿದ್ದರು. ಮಾವ ಕಟ್ಟೆ ಹಿಡಿದು ನಿಂತು, “ಅಬ್ಬಬ್ಬಬ್ಬಾ! ಎಂತಾ ನೀರ್ಲಾ! ಅಲೆ ಎಂಗ್ ಬಡೀತಾ ಅದೆ ನೋಡು!” ಎಂದು ಕುಣಿದಾಡಿದರು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಕಟ್ಟುತ್ತಿದ್ದ ಮನೆಯೊಂದಕ್ಕೆ ಹೊದಿಸಿದ್ದ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಸಮುದ್ರ ಅವರ ಬೆನ್ನ ಹಿಂದಿತ್ತು.

ನನಗೆ ನಗು ಬರಲಿಲ್ಲ. ಪೊರೆ ಇಷ್ಟು ಬಲಿತಿದೆಯೆಂದು ನನಗೂ ಗೊತ್ತಿರಲಿಲ್ಲ, ಬಹುಶಃ ಅತ್ತೆಗೂ ಗೊತ್ತಿರಲಿಲ್ಲ. ಲಾಡ್ಜಿಗೆ ಬಂದವನೇ ಮಿಷನ್ನು ತೆಗೆದು ಮಾವನ ಬೆರಳು ಚುಚ್ಚಿದೆ. ಮುನ್ನೂರ ಹದಿನೆಂಟು! ಮಿಷನ್ನು ಕೆಟ್ಟಿರಬೇಕು ಎಂದು ನನ್ನ ಬೆರಳನ್ನೇ ಚುಚ್ಚಿಕೊಂಡೆ. ಮಿಷನ್ನು ಕೆಟ್ಟಿರಲಿಲ್ಲ, ಆದರೆ ನನ್ನ ಲೆಕ್ಕವೂ ಇನ್ನೂರು ದಾಟಿತ್ತು! ಮಾವ ಹಾಸಿಗೆಯ ಮೇಲೆ ಕೂತು ತಲೆದೂಗಿದರು.

“ನಿನ್ ಹೆಂಡ್ರು ಕೇಳುದ್ರೆ ನಾನೇನ್ಲಾ ಯೋಳ್ಲಿ? ಸ್ವಲ್ಪ ಬಾಯಿ ಕಟ್ಬೇಕು ಕಣ್ಲಾ!”

ನಾನು ಮಾತ್ರೆ, ನೀರು ಕೊಟ್ಟೆ. ಅವರು ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದು, ಕೈ ಮುಗಿದು, ಮುಸುಕು ಹೊದ್ದರು. ಬೆಳಿಗ್ಗೆ ಮತ್ತೆ ನೋಡಿದರೆ ಲೆಕ್ಕ ಇಳಿದೇ ಇರಲಿಲ್ಲ. ಇಷ್ಟು ಮಾತ್ರೆ ನುಂಗಿಸಿದ ಮೇಲೂ ಇಳಿಯಲಿಲ್ಲವೆಂದರೆ ಮಂಗಳವಾರದ ಕತೆ ಏನು? ಈ ಸಲವೂ ವಾಪಸ್ ಕಳಿಸಿದರೆ ಅತ್ತೆಯ ಮುಖ ಹೇಗೆ ನೋಡಲಿ?

ಭಾನುವಾರ ಬೆಳಿಗ್ಗೆ ಪಣಂಬೂರಿನ ಕಡಲ ದಂಡೆಗೆ ಹೋದೆವು. ಮಾವ ಪಂಚೆ ಎತ್ತಿ ಕಟ್ಟಿ, ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಶಬ್ದ ಬಂದ ಕಡೆ ನಡೆದರು. ಅಂಗಿ ಮಡಚುವಾಗ ಜೇಬಿನಿಂದ ಒಂದು ಕಾಗದದ ಪೊಟ್ಟಣ ಬಿತ್ತು. ಬಿಚ್ಚಿದೆ. ಒಳಗೆ ಐದು ಮಾತ್ರೆ. ಎಂಜಲಿಗೆ ನೆಂದು, ಅಂಚು ಕರಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ನನ್ನ ಕೈಯಾರೆ ಕೊಟ್ಟ ಮಾತ್ರೆಗಳು!

ಚಪ್ಪಲಿಯಲ್ಲೇ ನೀರಿಗಿಳಿದೆ.

“ಏನಿದು ಮಾವ? ಯಾಕೆ ನುಂಗ್ಲಿಲ್ಲ? ನನ್ನನ್ನ ಏನಂತ ತಿಳ್ಕೊಂಡಿದ್ದೀಯ? ಅಲ್ಲಿ ಅತ್ತೆ ಅನ್ನ ನೀರು ಬಿಟ್ಟು ಕೂತವ್ಳೆ, ನೀನಿಲ್ಲಿ ಸುಳ್ಳು ಎಡೆ ಇಟ್ಕೊಂಡು ಕುಣೀತಿದ್ದೀಯ!”

ಕಡಲೆಕಾಯಿ ಮಾರುವವಳು ಬುಟ್ಟಿ ಇಳಿಸಿ ನಮ್ಮನ್ನೇ ನೋಡಿದಳು.

“ಕೂಗ್ಬ್ಯಾಡ ಕಣ್ಲಾ. ಜನ ನೋಡ್ತಾವ್ರೆ.”

“ನೋಡ್ಲಿ! ಆ ಒಂದು ಕಣ್ಣೂ ಹೋದ್ರೆ ಏನ್ ಮಾಡ್ತೀಯ?”

“ನಾನೂ ಅದುನ್ನೇ ಕಣ್ಲಾ ಕೇಳ್ತಿರಾದು” ಎಂದರು ಮಾವ. ಧ್ವನಿ ಸಣ್ಣಗಾಗಿತ್ತು. “ಇರಾದೊಂದು ಕಣ್ಣು. ಮಬ್ಬೋ ಮಸುಕೋ, ಬಾಗ್ಲು ಎಲ್ಲದೆ, ನಿಮ್ಮತ್ತೆ ಎಲ್ಲವ್ಳೆ ಅಂತ ಗೊತ್ತಾಯ್ತದೆ. ಡಾಕ್ಟ್ರು ಕತ್ರಿ ಇಕ್ಕುದ್ ಮ್ಯಾಕೆ ಇದೂ ಓಯ್ತು ಅನ್ಕೊ. ಆಮ್ಯಾಕೆ ಪೂರಾ ಕತ್ಲು. ಸಕ್ರೆ ಏರುದ್ರೆ ವಾಪಸ್ ಕಳುಸ್ತಾರೆ ಅಂತ ಗೊತ್ತಿತ್ತು. ಅದ್ಕೇ ತಿಂದೆ. ನಂಗೆ ಸಿಹಿ ಸೇರ್ತದಾ ಅಳಿಯ? ನಿಂಗೊತ್ತಿಲ್ವಾ?”

ಗೊತ್ತಿತ್ತು. ಹಬ್ಬದಲ್ಲಿ ಒಬ್ಬಟ್ಟು ಬಡಿಸಿದರೆ ಮುರಿದು ಸದ್ದಿಲ್ಲದೆ ನನ್ನ ಎಲೆಗೆ ಹಾಕುತ್ತಿದ್ದ ಮನುಷ್ಯ ಅವರು. ಎರಡು ದಿನ ಅವರ ಕೈಯನ್ನೇ ಕಾದ ನಾನು ಮುಖವನ್ನು ಒಂದು ಸಲವಾದರೂ ನೋಡಿದ್ದರೆ ತಿಳಿಯುತ್ತಿತ್ತು. ಒಂದೊಂದು ಹಲ್ವದ ಚೂರನ್ನೂ ಅವರು ಕಷಾಯ ಕುಡಿದ ಹಾಗೆ ನುಂಗಿರಬೇಕು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ?

“ಹಾಗಾದ್ರೆ ಸಮುದ್ರ ನೋಡ್ಬೇಕು ಅಂದದ್ದೂ ಸುಳ್ಳಾ?”

“ಅದು ನಿಜ ಕಣ್ಲಾ. ಕಾಲ್ಗೆ ನೀರು ಸಿಕ್ತದೆ, ಕಣ್ಗೆ ಸಿಕ್ತಿಲ್ಲ. ಎಲ್ಲಿಂದ ಎಲ್ಲೀಗಂಟ ಅದೆ ಇದು?”

ನಾನು ಅವರ ಕೈ ಹಿಡಿದು ಚಾಚಿ, ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದು ತೋರಿಸಿದೆ. ಅವರ ತೋಳು ಮುಗಿಯಿತು, ಸಮುದ್ರ ಮುಗಿಯಲಿಲ್ಲ. ಮಾವ ಬಗ್ಗಿ ಒಂದು ಬೊಗಸೆ ನೀರು ತುಂಬಿಕೊಂಡು ಚೆಲ್ಲಿದರು. ಆಮೇಲೆ, “ಆಪ್ರೇಸನ್ ಮಾಡೋವಾಗ ನೀನು ಒಳೀಕೆ ಇರ್ತೀಯಾ?” ಎಂದು ಕೇಳಿದರು.

“ಬಿಡಲ್ಲ ಮಾವ.”

“ಬಾಗ್ಲತ್ರ?”

“ಬಾಗ್ಲತ್ರ ನಿಂತಿರ್ತೀನಿ. ಕೂತ್ಕೊಳ್ಳೋದೂ ಇಲ್ಲ.”

ಬಲಗೈ ಚಾಚಿದರು. ನಾನು ಡಬ್ಬಿಯಿಂದ ಮಾತ್ರೆ ತೆಗೆದು, ಕುಡಿಯುವ ನೀರಿನ ಬಾಟ್ಲಿಯ ಜೊತೆ ಕೊಟ್ಟೆ. ನೀರು ಕುಡಿದು, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು.

ಆಮೇಲಿನ ಎರಡು ದಿನ ಮಾದಪ್ಪನಿಗೆ ಬರೀ ಮುದ್ದೆ, ಸೊಪ್ಪಿನ ಸಾರು. ಮಂಗಳವಾರ ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋದ ನರ್ಸು ತಿರುಗಿ ಬರುವವರೆಗೆ ಅತ್ತೆ, ನಾನು, ಮಾವ ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಕೊಂಚ ಹೆಚ್ಚೇ ಇದೆ, ಆದರೂ ಮಾಡಬಹುದು ಎಂದರು ಡಾಕ್ಟರು. ಮಾವ ಒಳಗೆ ಹೋಗುವ ಮುಂಚೆ ಎರಡು ಸಲ ತಿರುಗಿ ಬಾಗಿಲು ಮುಟ್ಟಿ ನೋಡಿದರು. ನಾನು ಅಲ್ಲೇ ನಿಂತೆ. ವಾಚ್‌ಮನ್ ಎರಡು ಸಲ ಕುರ್ಚಿ ತೋರಿಸಿದ. ಕೂರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರು ಮೂರು ಬೆರಳು ಎತ್ತಿ ಹಿಡಿದು, “ಎಷ್ಟು ಕಾಣುತ್ತೆ, ಹೇಳಿ ಯಜಮಾನರೇ” ಎಂದರು. ನಾನು ಮಾವನ ಮುಖವನ್ನೇ ನೋಡಿದೆ. “ಎಷ್ಟು ಬೆರಳು?” ಎಂದು ಡಾಕ್ಟರು ಇನ್ನೊಮ್ಮೆ ಕೇಳಿದರು. ಮಾವ ಬೆರಳುಗಳನ್ನು ನೋಡುತ್ತಲೇ ಇರಲಿಲ್ಲ. ಡಾಕ್ಟರ ಭುಜದ ಆಚೆ, ಗೋಡೆಗೆ ಒರಗಿ ನಿಂತಿದ್ದ ಅತ್ತೆಯನ್ನು ನೋಡುತ್ತಿದ್ದರು.

“ಇವ್ಳೇ, ನಿನ್ ಕಿವಿ ಓಲೇಲಿ ಒಂದು ಕಲ್ಲು ಇಲ್ವಲ್ಲ! ಯಾವಾಗ್ ಬಿತ್ತು?”

“ಬಿದ್ದು ನಾಕು ವರ್ಸ ಆಯ್ತು” ಎಂದರು ಅತ್ತೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.